ಹೆಗಲ ಮೇಲಿಂದ ಓದುವ ಕುಬೇರಪ್ಪ

ಧಾರವಾಡದ ಮಾಳಮಡ್ಡಿಯ ಕುಬೇರಪ್ಪನವರು ಆಯುಷ್ಯದಲ್ಲಿ ಒಂದೂ ಪುಸ್ತಕ ಕೊಂಡವರಲ್ಲ. ಓದಿದ್ದು ಮಾತ್ರ ಒಂದು ಗೂಡ್ಸ್ ಗಾಡಿ ತುಂಬುವಷ್ಟು. ಹುಬ್ಬಳ್ಳಿಯ ಅರಳೆ ಅಂಗಡಿಯಲ್ಲಿ ಗುಮಾಸ್ತಿಕೆ. ಸಂಜೆ ಧಾರವಾಡದ ರೈಲು ಹತ್ತಿದರೆ ಓದುವವರ ನಡುವೆಯೇ ಜಾಗ ಹಿಡಿದು ಕುತ್ತಿಗೆ ಚಾಚುವರು. ವರ್ಷಗಟ್ಟಲೆ ಚಾಚಿ ಚಾಚಿ ಆ ಕುತ್ತಿಗೆ ಎಷ್ಟು ಬೆಳೆಯಿತೆಂದರೆ, ಅಂಗಿ ಹೊಲಿಯುವ ಹುಸೇನಬಾಷಾ ಕಾಲರಿಗೆಂದೇ ಬೇರೆ ಅರಿವೆ ಕೇಳುತ್ತಿದ್ದ.

ಓದು ಬಲು ನಿಧಾನ. ಪುಸ್ತಕದ ಒಡೆಯ ಹಾಳೆ ತಿರುವಹೋದರೆ ಕೈ ಹಿಡಿಯುವರು.

"ತಡೀರಿ ಸಾಹೇಬರ, ಇನ್ನೂ ನಾಕ ಸಾಲ ಅದಾವು."

"ಪುಸ್ತಕ ನಂದೈತ್ರಿ!"

"ಇರಲಿ ಬಿಡ್ರಿ, ನಾ ಏನ ಮನಿಗೆ ಒಯ್ತೇನೇನು? ಸಿಟ್ಟಿನ್ಯಾಗ ಓದಬ್ಯಾಡ್ರಿ, ಸಾಲ ತಪ್ಪತಾವ."

ಬಲಗಡೆಯವನ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಯಾಗುವ ಹೊತ್ತಿಗೆ ಸರಿಯಾಗಿ ಅವನು ಇಳಿಯುವ ನವಲೂರು ಸ್ಟೇಶನ್ನು ಬಂದುಬಿಡುತ್ತಿತ್ತು. ಎಡಗಡೆಯ ಹುಡುಗಿಯ ಕೈಯಲ್ಲಿ ನರಿಯ ಕಥೆ. ಎದುರಿನ ಅಜ್ಜನದು ಮನೆಮದ್ದಿನ ಪುಸ್ತಕ. ಅದನ್ನು ಕುಬೇರಪ್ಪನವರು ತಲೆಕೆಳಗಾಗಿಯೇ ಓದುತ್ತಿದ್ದರು. ಮನೆಗೆ ಬಂದು ಕಟ್ಟೆಯ ಮೇಲೆ ಹೇಳುವಾಗ ಮೂರೂ ಕಲಸಿ ಒಂದಾಗುತ್ತಿದ್ದವು. ಕೊಲೆಗಾರನ ಜಾಡು ಹಿಡಿದು ರುಮಾಲು ಸುತ್ತಿದ ನರಿ ಬರುವುದು. ಸತ್ತ ಸಾಹುಕಾರ ಶುಂಠಿ ಕಷಾಯ ಕುಡಿದು ಎದ್ದು ಕೂತು ಸಾಕ್ಷಿ ಹೇಳುವುದು! ಕೇಳಲು ಓಣಿಯ ಮಕ್ಕಳು ಮುದುಕರೆಲ್ಲ ಹಾಜರು. ಹೆಂಗಸರಂತೂ ಒಲೆಯ ಮೇಲಿನ ಪಲ್ಯ ಮರೆತು ಬಂದು ಕೂಡುವರು. ಮಾಳಮಡ್ಡಿಯ ಪಲ್ಯ ಸೀದ ವಾಸನೆ ಬೆಳಗಾವಿಯವರ ಮೂಗಿಗೆ ಬಡಿಯುತ್ತಿತ್ತು.

ಹಗಲಿಡೀ ಮಾಲಕನ ಬೈಗುಳ ತಿಂದು ಬರುವ ಮನುಷ್ಯನಿಗೆ "ಮುಂದ?" ಎಂದು ಬಾಯಿಬಿಟ್ಟು ಕೇಳುವ ಜನ ಈ ಭೂಮಿಯ ಮೇಲೆ ಇದ್ದದ್ದು ಆ ಕಟ್ಟೆಯಲ್ಲಿ ಮಾತ್ರ.

ಎದುರು ಮನೆಯ ಸಾಲಿ ಮಾಸ್ತರ ಬಿಂದುಮಾಧವನಿಗೆ ಇದು ತಡೆಯದಾಯಿತು. ದಿನವೂ ಕಿಟಕಿಯಲ್ಲಿ ಕೂತು ಕೇಳಿ ಕೇಳಿ, ಕಡೆಗೊಂದು ದಿನ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಿಂದ ಅದೇ ಪತ್ತೇದಾರಿ ಪುಸ್ತಕ ಕೊಂಡು ತಂದ. ಕಟ್ಟೆಯೇರಿ ಮೊದಲಿಂದ ಕೊನೆಯವರೆಗೆ ಓದಿದ.

"ಈಗ ಹೇಳ್ರಿ ಕುಬೇರಪ್ಪಾರ, ಇದರಾಗ ನರಿ ಎಲ್ಲೈತಿ?"

ಕುಬೇರಪ್ಪನವರ ಕುತ್ತಿಗೆ ಆಮೆಯ ಕುತ್ತಿಗೆಯಂತೆ ಅಂಗಿಯೊಳಗೆ ಸೇರಿತು. ನಾಳೆಯಿಂದ ಕಟ್ಟೆ ಬರಿದು ಎಂದುಕೊಂಡು ಕಣ್ಣು ಮುಚ್ಚಿದರು.

ಹೆಂಡತಿ ರತ್ನವ್ವ ಬಾಗಿಲಿನಿಂದಲೇ ಕೇಳಿದಳು: "ಮಾಸ್ತರ, ತರೋವಾಗ ಹಾಳಿ ಎಣಿಸಿ ತಂದ್ರಿಲ್ಲೋ? ಅಂಗಡಿಯಾಂವ ನರೀನ ಕಿತ್ತಿಟ್ಕೊಂಡಾನ ನೋಡ್ರಿ."

"ಮೋಸಾ ಹೋದ್ರಿ, ಪಾಪ!" ಎಂದರು ಮಕ್ಕಳು.

"ಸತ್ತಾಂವ ಸತ್ತ ಹೋದ್ರ ಅದೆಂಥಾ ಕಥಿಯಪ್ಪಾ?" ಎಂದು ಒಬ್ಬ ಅಜ್ಜಿ ಮೂಗು ಮುರಿದಳು. "ಅಂಥಾವು ನಮ್ಮ ಓಣ್ಯಾಗ ಬೇಕಾದಷ್ಟ ಆಗ್ಯಾವ."

ಬಿಂದುಮಾಧವ ಪುಸ್ತಕ ಮುಚ್ಚಿದ. ತನ್ನ ಮನೆಗೆ ಹೋಗಲು ಎದ್ದ. ಹೋಗಲಿಲ್ಲ, ಮತ್ತೆ ಕೂತು ದನಿ ಇಳಿಸಿದ.

"ಅಲ್ರಿ... ನಿನ್ನಿ ಆ ನರಿ ಕೋರ್ಟಿನ ಮೆಟ್ಲ ಹತ್ತಿತ್ತಲ್ಲ. ಮುಂದ?"

ಕುತ್ತಿಗೆ ಮೆಲ್ಲಗೆ ಹೊರಗೆ ಬಂತು. "ನನಗರ ಏನ ಗೊತ್ರಿ, ಮಾಸ್ತರ? ಆ ನರಿ ಪುಸ್ತಕದ ಹುಡುಗಿ ಇವತ್ತ ಗಾಡಿಗೇ ಬರಲಿಲ್ಲ!"

ಮರುದಿನ ಸಂಜೆ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಕುಬೇರಪ್ಪನವರು ಗಾಡಿ ಹತ್ತುವಾಗ ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ತಿಕೀಟು ಹಿಡಿದು ನಿಂತಿದ್ದ ಬಿಂದುಮಾಧವ.

"ಲಗೂ ನಡೀರಿ," ಎಂದ. "ನೀವು ಎಡಗಡೆ ನೋಡ್ರಿ. ಬಲಗಡೆ ನಾ ನೋಡ್ಕೋತೇನಿ."