ಆಟೋ ಸ್ಟಾರ್ಟರ್ ಆಫ್ ಮಾಡಿದ ಸಂಜೆ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನನ್ನನ್ನು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆಯ ಸಬ್‌ಸ್ಟೇಷನ್ನಿಗೆ ಎಂಜಿನಿಯರ್ ಆಗಿ ವರ್ಗ ಮಾಡಿದರು. ಪಕ್ಕದ ಜಮೀನಿನಲ್ಲಿ ಹೊಸದಾಗಿ ಸೋಲಾರ್ ಪ್ಯಾನೆಲ್‌ಗಳನ್ನು ಹಾಕಿದ್ದರು. ಹಗಲು ಉಳಿದ ವಿದ್ಯುತ್ತನ್ನು ಸಂಜೆಗೆ ಕೂಡಿಡಲು ಲಾರಿ ಕಂಟೇನರಿನಷ್ಟು ದೊಡ್ಡ ಬ್ಯಾಟರಿಯೂ ಬಂದಿತ್ತು.

ಊರಿನವರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ನಮ್ಮ ಬಿಸಿಲು ಹಿಡಿದು ಬೆಂಗಳೂರಿಗೆ ಕಳಿಸುತ್ತೀರಿ ಎಂದು ಹಿಪ್ಪುನೇರಳೆ ಬೆಳೆಯುವ ನಾರಾಯಣಪ್ಪ ಕಂಡಾಗಲೆಲ್ಲ ಹೇಳುತ್ತಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ಬಿರುಗಾಳಿಗೆ ನಮ್ಮ ಸ್ಟೇಷನ್ನಿಗೆ ಬರುವ ಮುಖ್ಯ ಲೈನಿನ ಕಂಬಗಳು ಉರುಳಿದವು. ಮಳೆ ಹನಿಯಲಿಲ್ಲ. ದುರಸ್ತಿ ಮರುದಿನಕ್ಕೇ ಎಂದು ತಿಳಿಯಿತು. ಬ್ಯಾಟರಿ ಮಾತ್ರ ತುಂಬಿತ್ತು.

ಅಷ್ಟರಲ್ಲಿ ಸರೋಜಮ್ಮ ಬಂದರು. ರೇಷ್ಮೆಯ ಎಳೆ ಹುಳುಗಳನ್ನು ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರ ಅವರದು. ಜನರೇಟರ್ ರಿಪೇರಿಗೆ ಹೋಗಿತ್ತು, ಕೂಲರ್‌ಗಳು ನಿಂತಿದ್ದವು.

“ಎಳೇ ಹುಳ ಮೇಡಂ. ಈ ಸೆಕೆಗೆ ಎಲೆ ಬಾಡ್ತದೆ, ಬಾಡಿದ್ದು ತಿನ್ನಲ್ಲ. ಸುತ್ತಲ ಊರಿನವ್ರೆಲ್ಲ ನನ್ನೇ ನಂಬ್ಕೊಂಡವ್ರೆ,” ಎಂದರು.

ಬ್ಯಾಟರಿಯೊಂದರಿಂದಲೇ ಆ ಊರಿನ ಫೀಡರ್, ಅಂದರೆ ಸ್ಟೇಷನ್ನಿನಿಂದ ಊರಿಗೆ ಕರೆಂಟು ಒಯ್ಯುವ ಲೈನು, ನಡೆಸುವ ವ್ಯವಸ್ಥೆ ಇತ್ತು, ಯಾರೂ ಪ್ರಯತ್ನಿಸಿರಲಿಲ್ಲ. ಮೇಲಧಿಕಾರಿಗಳು ಫೋನಿನಲ್ಲಿ ಒಪ್ಪಿದರು, ಜವಾಬ್ದಾರಿ ನಿಮ್ಮದೆಂದೂ ಸೇರಿಸಿದರು. ಚಾಲೂ ಮಾಡಿದೆವು. ಕ್ಷಣದಲ್ಲಿ ಟ್ರಿಪ್ ಆಗಿ ಕರೆಂಟು ಕಡಿದುಹೋಯಿತು. ಮತ್ತೊಮ್ಮೆ ಮಾಡಿದಾಗಲೂ ಅದೇ.

ಕಾರಣ ಹೊಳೆಯಿತು. ಮನೆಗಳೂ ಬೋರ್‌ವೆಲ್‌ಗಳೂ ಒಂದೇ ಫೀಡರಿನಲ್ಲಿದ್ದವು. ಕರೆಂಟು ಬಂದೊಡನೆ ಮೋಟಾರು ತಾನೇ ಓಡಲೆಂದು ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದ್ದರು. ಮೋಟಾರು ಓಡುವಾಗ ಎಳೆಯುವುದಕ್ಕಿಂತ ಶುರುವಾಗುವಾಗ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಎಲ್ಲವೂ ಒಟ್ಟಿಗೆ ಎದ್ದರೆ ಬ್ಯಾಟರಿ ತಡೆಯುವುದಿಲ್ಲ. ತೋಟ ತೋಟಕ್ಕೂ ಹೋಗಿ ಸ್ಟಾರ್ಟರ್ ಆಫ್ ಮಾಡಿಸಬೇಕಿತ್ತು.

ನಾನು ನೇರ ನಾರಾಯಣಪ್ಪನವರ ಮನೆಗೆ ಹೋದೆ. ಅವರ ಮಾತನ್ನು ಊರು ಕೇಳುತ್ತಿತ್ತು. ಸ್ಟಾರ್ಟರ್‌ಗಳನ್ನು ಏಕೆ ಆಫ್ ಮಾಡಬೇಕೆಂದು ವಿವರಿಸಿದೆ, ಮರುದಿನದವರೆಗೆ ಯಾರಿಗೂ ತೋಟಕ್ಕೆ ನೀರಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

“ಈ ಕರೆಂಟು ಊರಲ್ಲೇ ಇರ್ತದಾ?” ಎಂದು ಕೇಳಿದರು.

“ಆಚೆ ಹೋಗೋಕೆ ಲೈನೇ ಇಲ್ಲ,” ಎಂದೆ.

ಅವರು ಎದ್ದು ಚಪ್ಪಲಿ ಮೆಟ್ಟಿದರು. “ಮೊದ್ಲು ನಂದು ಆಫ್ ಮಾಡ್ತೀನಿ. ಆಮೇಲೆ ಬೇರೆಯವ್ರನ್ನ ಕೇಳಣ.”

ಹೆಚ್ಚಿನವರು ಒಪ್ಪಿದರು. ಒಬ್ಬರು ಮಾತ್ರ, ತಮ್ಮ ಹಿಪ್ಪುನೇರಳೆ ಸೊಪ್ಪು ಒಣಗುತ್ತಿದೆ, ಆಫ್ ಮಾಡುವುದಿಲ್ಲ ಎಂದು ಪಟ್ಟು ಹಿಡಿದರು. ನಾರಾಯಣಪ್ಪ ದನಿ ಏರಿಸಲಿಲ್ಲ. “ಸೊಪ್ಪು ಮತ್ತೆ ಚಿಗುರ್ತದೆ ಕಣಪ್ಪ. ಹುಳಾನೇ ಸತ್ರೆ ಅದನ್ನ ಯಾರಿಗೆ ಹಾಕ್ತೀಯ?”

ಪಟ್ಟು ಹಿಡಿದಿದ್ದವರೂ ಹೋಗಿ ಸ್ವಿಚ್ ಇಳಿಸಿದರು.

ಮೂರನೇ ಸಲ ಚಾಲೂ ಮಾಡಿದಾಗ ಬ್ಯಾಟರಿ ಟ್ರಿಪ್ ಆಗದೆ ತಡೆದುಕೊಂಡಿತು. ಬೀದಿದೀಪಗಳು ಹತ್ತಿದವು. ಕೂಲರ್ ತಿರುಗುತ್ತಿದೆ ಎಂದು ಸರೋಜಮ್ಮ ಫೋನ್ ಮಾಡಿದರು. ಒಂದಷ್ಟು ಹುಳು ಸತ್ತವು, ಬಹುಪಾಲು ಉಳಿದವು. ಮರುದಿನ ಲೈನು ಸರಿಯಾಯಿತು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಕಚೇರಿಯಲ್ಲಿ ಕೂತು ಲೆಕ್ಕ ಹಾಕಬಹುದು. ಯಾರ ಮೋಟಾರು ನಿಲ್ಲಬೇಕು ಎಂಬುದನ್ನು ಮಾತ್ರ ಅವರ ಮನೆ ಬಾಗಿಲಿಗೆ ಹೋಗಿಯೇ ಕೇಳಬೇಕು.