ಎರಡನೇ ಬ್ಯಾಟರಿಯ ಸ್ವಿಚ್ಚು

ಸುಶೀಲಮ್ಮ, ಅವತ್ತು ಮೇಳಿಗೆಯಲ್ಲಿ ಆ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಇಳಿಸಿದವನು ನಾನು. ನೀವು ಮರೆತಿರಲಿಲ್ಲ. ನೀವು ಏನನ್ನೂ ಮರೆತಿರಲಿಲ್ಲ.

ಈ ಮಾತು ಬರೆಯಲು ನನಗೆ ಮೂವತ್ತು ವರ್ಷಕ್ಕೂ ಮೇಲಾಯಿತು. ನಿಲ್ಲಿಸಿದರೆ ಮತ್ತೆ ಬರೆಯಲಾರೆ. ನಿಮಗೆ ಗೊತ್ತಿರುವ ಸಂಗತಿಯನ್ನೇ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿಮಗೆ ಗೊತ್ತಿರುವುದರಲ್ಲಿ ಅರ್ಧ ನಾನು ಹೇಳಿದ ಸುಳ್ಳು.

ಡಾಕ್ಟ್ರಮ್ಮನ ವ್ಯಾನಿಗೆ ಎರಡನೇ ಬ್ಯಾಟರಿ ಹಾಕಿದ್ದು ಆ ವರ್ಷ ಮಳೆಗಾಲಕ್ಕೆ ಮುಂಚೆ. ಡ್ರೈವರ್ ನಾನು, ಸಿಸ್ಟರ್ ನೀವು; ಸಾಗರದಿಂದ ಹೊರಟರೆ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳನ್ನು ಸುತ್ತಿ ಬರಲು ನಮಗೆ ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು. ವ್ಯಾನಿನೊಳಗೇ ನಿಮ್ಮಿಬ್ಬರ ಮಲಗುವ ಮಂಚ, ಸ್ಟೌ, ಔಷಧಿಯ ಕಪಾಟು. ಅದೇ ಮನೆ, ಅದೇ ದವಾಖಾನೆ. ದೀಪ ಹೆಚ್ಚು ಹೊತ್ತು ಉರಿಸಿದರೆ ಮಾರನೆಯ ದಿನ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. 'ವಾಸು, ದೀಪಕ್ಕೇ ಬೇರೆ ಬ್ಯಾಟರಿ ಹಾಕಕ್ಕಾಗುತ್ತಾ? ಇಂಜಿನ್ನಿನದ್ದನ್ನ ಮುಟ್ಟಬಾರದು' ಅಂದರು ಡಾಕ್ಟ್ರಮ್ಮ. 'ಅದೇನು ಮಹಾ, ನಾನೇ ಮಾಡ್ತೀನಿ' ಅಂದೆ.

ಮಾಡಿದೆ. ಮಂಚದ ಕೆಳಗೆ ಬ್ಯಾಟರಿ ಕೂರಿಸಿ, ಪಕ್ಕದ ಹಲಗೆಗೆ ಸ್ವಿಚ್ಚು ಹೊಡೆದೆ. ಗಾಡಿ ಓಡುವಾಗ ಹಿಡಿ ಕೆಳಗಿದ್ದರೆ ಎರಡು ಬ್ಯಾಟರಿಯೂ ಸೇರಿ ಚಾರ್ಜ್ ಆಗುತ್ತವೆ, ಮೇಲೆತ್ತಿದರೆ ಬೇರೆಬೇರೆ. ಗಾಡಿ ನಿಂತ ಕೂಡಲೇ ಹಿಡಿ ಮೇಲೆತ್ತುವ ಕೆಲಸವನ್ನು ಡಾಕ್ಟ್ರಮ್ಮ ನಿಮಗೆ ವಹಿಸಿದರು. ಎತ್ತಿದಾಗಲೆಲ್ಲ ನೀವು 'ಎತ್ತಿದೆ ವಾಸಣ್ಣ' ಎಂದು ಕೂಗಿ ಹೇಳುತ್ತಿದ್ದಿರಿ. ಒಂದು ದಿನವೂ ತಪ್ಪಿಸಲಿಲ್ಲ.

ಆದರೆ ನಾನು ಹಾಕಿದ್ದು ಮನೆಗೆ ಹಾಕುವಂಥ ಸ್ವಿಚ್ಚು. ಅಷ್ಟು ಕರೆಂಟು ತಡೆಯುವಂಥದ್ದಲ್ಲ. ಹೊಸನಗರ ದಾಟುವಷ್ಟರಲ್ಲಿ ಒಳಗೆ ಸುಟ್ಟು ಕರಿಯಾಗಿತ್ತು. ಆಗ ನಾನು ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಜಂಬ ಕೊಚ್ಚಿಕೊಂಡ ಬಾಯಲ್ಲಿ 'ನಾನು ಹಾಕಿದ್ದು ಸುಟ್ಟುಹೋಯ್ತು' ಅನ್ನುವುದು... ಹಲಗೆಯ ಹಿಂದೆ ಎರಡೂ ವೈರುಗಳನ್ನು ನೇರ ಸೇರಿಸಿ ಬಿಗಿದೆ. ಸಾಗರಕ್ಕೆ ವಾಪಸಾದ ಮೇಲೆ ಸರಿಮಾಡಿದರಾಯಿತು ಅಂದುಕೊಂಡೆ. ಅಂದಿನಿಂದ ನೀವು ಎತ್ತುತ್ತಿದ್ದದ್ದು ಬರೀ ತೋರಿಕೆಯ ಹಿಡಿ. ಎತ್ತಿದರೂ ಒಂದೇ, ಇಳಿಸಿದರೂ ಒಂದೇ. ಅದು ನನಗೊಬ್ಬನಿಗೆ ಗೊತ್ತಿತ್ತು.

ತೀರ್ಥಹಳ್ಳಿ ಕಡೆಯ ಮೇಳಿಗೆಯಲ್ಲಿ ಎರಡು ದಿನ ಗಾಡಿ ನಿಂತಲ್ಲೇ ನಿಂತಿತ್ತು. ಎದುರಿಗೆ ನಿಂತವರ ಮುಖ ಕಾಣದಷ್ಟು ಮೋಡ. ಹಗಲೂ ದೀಪ ಉರಿಯುತ್ತಿತ್ತು, ಜನ ಬರುತ್ತಲೇ ಇದ್ದರು. ಎರಡನೆಯ ದಿನ ಊಟದ ಹೊತ್ತಿಗೆ ನೀವು ವ್ಯಾನಿನ ಬಾಗಿಲಿಗೆ ಬಂದು ಕೇಳಿದಿರಿ: 'ವಾಸಣ್ಣ, ದೀಪ ಕೆಂಪಗಾಯ್ತಲ್ಲ, ತೊಂದರೆ ಇಲ್ವಾ?'

ನಾನು ಪಕ್ಕದ ಅಂಗಡಿಯ ಜಗಲಿಯ ಮೇಲೆ ಇಸ್ಪೀಟು ಆಡುತ್ತಿದ್ದೆ. ಎಲೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ: 'ದೀಪದ್ದು ಇಳಿದ್ರೆ ಇಳೀಲಿ. ಇಂಜಿನ್ನಿಂದು ಬೇರೆ ಇದ್ಯಲ್ಲ.'

ಬೇರೆ ಇರಲಿಲ್ಲ. ಆಗಲೇ ಎದ್ದು ಇಂಜಿನ್ ಚಾಲೂ ಮಾಡಿದ್ದರೆ — ಎಷ್ಟು ಸಲ ಈ ಮಾತನ್ನು ಹೇಳಿಕೊಂಡಿದ್ದೇನೋ! ಆಟ ಮುಗಿಯಲಿ ಎಂದು ಕೂತೆ. ನಾನು ಗೆಲ್ಲುತ್ತಿದ್ದೆ, ಸುಶೀಲಮ್ಮ. ಅದೂ ನೆನಪಿದೆ.

ಇನ್ನೊಂದು ಗಂಟೆಯೊಳಗೆ ಆ ಊರಿನ ಬಾಣಂತಿ ಗಿರಿಜಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದರು. ಮನೆಯಲ್ಲೇ ಹೆರಿಗೆಯಾಗಿತ್ತು, ರಕ್ತ ನಿಂತಿರಲಿಲ್ಲ. ಕಂಬಳಿಯ ಅಡಿಯಿಂದ ತೊಟ್ಟಿಕ್ಕುತ್ತಿದ್ದದ್ದು ಮಳೆ ನೀರಲ್ಲ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಡಾಕ್ಟ್ರಮ್ಮ ಕೈಯಲ್ಲಾದದ್ದೆಲ್ಲ ಮಾಡಿದರು. ಆಮೇಲೆ ತಲೆ ಹೊರಗೆ ಹಾಕಿ, 'ವಾಸು, ತೀರ್ಥಹಳ್ಳಿ ಆಸ್ಪತ್ರೆಗೆ. ಬೇಗ!' ಅಂದರು.

ಕೀಲಿ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದೆ. ಅದೂ ಇಲ್ಲ.

ಇಂಜಿನ್ನಿನ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದೆ, ಅಂಗೈ ಕಿತ್ತುಬಂತು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಿಡಿ ಎಲ್ಲಿಂದ ಹುಟ್ಟಬೇಕು? ಇಸ್ಪೀಟು ಆಡುತ್ತಿದ್ದವರೆಲ್ಲ ಬಂದು ತಳ್ಳಿದರು, ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ಗಿರಿಜಳ ಗಂಡ ಬಾಗಿಲು ಹಿಡಿದು ಗೋಗರೆಯುತ್ತಿದ್ದ: 'ಎಂತ ಆಯ್ತು ಗಾಡಿಗೆ? ಹೊರಡ್ಸಿ ಮಾರಾಯ್ರೆ, ಕಾಲಿಗೆ ಬೀಳ್ತೀನಿ, ಹೊರಡ್ಸಿ...' ಅವನು ನಿಜವಾಗಿ ಕಾಲಿಗೆ ಬಿದ್ದ. ನನ್ನ ಕಾಲಿಗೆ.

ಆಗ ಡಾಕ್ಟ್ರಮ್ಮ ಕೇಳಿದರು, 'ಇಂಜಿನ್ ಬ್ಯಾಟರಿ ಹೇಗೆ ಇಳೀತು, ವಾಸು?'

'ನೋಡ್ತೀನಿ' ಎಂದು ವ್ಯಾನಿನ ಹಿಂದಿನಿಂದ ಹತ್ತಿ ಬಗ್ಗಿದೆ. ನೀವು ಬೆನ್ನು ಮಾಡಿ ಗಿರಿಜಳ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಿದ್ದಿರಿ. ಹಿಡಿ ಮೇಲಿತ್ತು. ನೀವು ಎತ್ತಿದ ಹಾಗೇ ಇತ್ತು. ನಾನು ಅದನ್ನು ಕೆಳಗೆ ಇಳಿಸಿದೆ. ಎರಡು ಬೆರಳು ಸಾಕಾಯಿತು. ಇಳಿಸಿ, ಹೊರಗಿದ್ದವರಿಗೆ ಕೇಳದಂತೆ ಹೇಳಿದೆ: 'ಸಿಸ್ಟರ್ ಹಿಡಿ ಎತ್ತೋದು ಮರ್ತಿದಾರೆ.'

ನೀವು ತಿರುಗಿ ನೋಡಿದಿರಿ. ಹಿಡಿಯನ್ನು ನೋಡಿದಿರಿ, ನನ್ನನ್ನು ನೋಡಿದಿರಿ. 'ಎತ್ತಿದ್ದೆ ವಾಸಣ್ಣ... ಎತ್ತಿದ್ದೆ ಅನ್ಸುತ್ತೆ...' ನಿಮ್ಮ ದನಿ ಮಾತಿನ ನಡುವೆಯೇ ಕುಸಿದದ್ದನ್ನು ಕೇಳಿದೆ. ಕಣ್ಣೆದುರಿಗೇ ಹಿಡಿ ಕೆಳಗಿದೆಯಲ್ಲ! ನೀವು ನಂಬಿದ್ದು ನನ್ನನ್ನು, ನಂಬದೇ ಹೋದದ್ದು ನಿಮ್ಮನ್ನು.

'ಇದೊಂದು ಕೆಲಸ ನಿನಗೆ ಕೊಟ್ಟಿದ್ದೆ ಸುಶೀಲಾ' ಎಂದಷ್ಟೇ ಡಾಕ್ಟ್ರಮ್ಮ ಹೇಳಿದ್ದು. ಬೈದಿದ್ದರೆ ವಾಸಿಯಿತ್ತು.

ಲಾರಿ ಸಿಕ್ಕಿದ್ದು ಎಷ್ಟೋ ಹೊತ್ತಿನ ಮೇಲೆ. ಗಿರಿಜ ಜೀವಂತವಾಗಿ ತೀರ್ಥಹಳ್ಳಿ ಮುಟ್ಟಲಿಲ್ಲ. ಮನೆಯಲ್ಲಿ ಅಜ್ಜಿಯ ಮಡಿಲಲ್ಲಿ ಬಿಟ್ಟು ಬಂದಿದ್ದ ಹೆಣ್ಣುಕೂಸು ಬದುಕಿತು. ಆಸ್ಪತ್ರೆಗೆ ಬೇಗ ಮುಟ್ಟಿದ್ದರೆ ಗಿರಿಜಳೂ ಬದುಕುತ್ತಿದ್ದಳೇ ಎಂದು ಒಮ್ಮೆ ಡಾಕ್ಟ್ರಮ್ಮನನ್ನು ಕೇಳಿದೆ. ಇಲ್ಲ ಅನ್ನಲಿ ಎಂದು ಕಾದು ನಿಂತೆ. ಅನ್ನಲಿಲ್ಲ.

ಸಾಗರಕ್ಕೆ ಬಂದ ದಿನವೇ ವೈರು ಬಿಚ್ಚಿ, ಸರಿಯಾದ ಸ್ವಿಚ್ಚು ಹಾಕಿದೆ. ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ತಿಂಗಳೊಳಗೆ ನೀವು ಕೆಲಸ ಬಿಟ್ಟಿರಿ. ಹೊಸನಗರದ ಬಸ್ಸು ಹತ್ತುವ ಮುಂಚೆ ನನ್ನನ್ನು ಕರೆದು ಹೇಳಿದಿರಿ: 'ನಾನು ಮರ್ತದ್ದನ್ನ ಗಿರಿಜಳ ಗಂಡನಿಗೆ ನೀವು ಹೇಳ್ಲಿಲ್ಲ. ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ ವಾಸಣ್ಣ.' ಕೈಮುಗಿದಿರಿ. ಸುಶೀಲಮ್ಮ, ನಾನು ತಲೆಯಾಡಿಸಿದೆ! ಆ ಕೃತಜ್ಞತೆಯನ್ನೂ ತೆಗೆದುಕೊಂಡೆ. ಹಿಡಿ ಇಳಿಸಿದ್ದು ಹೆದರಿಕೆಯಿಂದ. ತಲೆಯಾಡಿಸಿದ್ದಕ್ಕೆ ಏನು ಹೆಸರಿಡಲಿ?

ಡಾಕ್ಟ್ರಮ್ಮ ತೀರಿಕೊಂಡರು. ಅವರಿಗೂ ಹೇಳಲಿಲ್ಲ. ನೀವು ಬಟ್ಟೆ ಹೊಲಿದು ಬದುಕು ಮಾಡಿಕೊಂಡಿದ್ದೀರಿ ಎಂದು ಕೇಳಿ, ಚೆನ್ನಾಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ವಾರ ಒಂದು ಮದುವೆಮನೆಯಲ್ಲಿ ನಿಮ್ಮ ತಂಗಿಯ ಮಗಳು ಸಿಕ್ಕಿದಳು. ಸಾಗರದವನೆಂದು ತಿಳಿದು ನಿಮ್ಮ ಮಾತು ತೆಗೆದಳು. 'ದೊಡ್ಡಮ್ಮ ನಮ್ಮಲ್ಲಿ ಯಾರ ಮಗುನೂ ಎತ್ತಿಕೊಳ್ಳಲ್ಲ. ನನ್ನ ಕೈಯನ್ನ ನಂಬಬೇಡಿ ಅಂತಾರೆ. ಹಾಲಿಟ್ಟರೆ ಒಲೆ ಆರಿಸಿದ್ನಾ ಅಂತ ನಾಲ್ಕು ಸಲ ಹೋಗಿ ನೋಡ್ತಾರೆ. ಯಾಕೋ ಗೊತ್ತಿಲ್ಲ.'

ನನಗೆ ಗೊತ್ತಿತ್ತು. ಊಟದ ಎಲೆಯ ಮುಂದಿನಿಂದ ಎದ್ದುಹೋದೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಆ ಮಾತು ಬರೆದರೆ ಮತ್ತೆ ನಿಮ್ಮಿಂದ ಏನನ್ನೋ ಕೇಳಿದಂತೆ. ಈ ಕಾಗದವನ್ನು ಅಂಚೆಗೆ ಹಾಕುವುದೂ ಇಲ್ಲ. ನಾಳೆ ಬೆಳಗಿನ ಬಸ್ಸಿಗೆ ಬಂದು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಅಂಗಳದಲ್ಲಿ ನಿಂತಿರುತ್ತೇನೆ, ಒಳಗೆ ಕರೆಯಬೇಡಿ. ಏನು ಅನ್ನಬೇಕೋ ಅನ್ನಿ. ಅಲ್ಲಿಂದ ನೇರ ಮೇಳಿಗೆಗೆ ಹೋಗುತ್ತೇನೆ. ಆ ಹೆಣ್ಣುಕೂಸಿಗೆ ಈಗ ತನ್ನದೇ ಮಕ್ಕಳಿದ್ದಾರಂತೆ. ತಾಯಿ ಹೇಗೆ ಸತ್ತಳು ಎಂದು ಅವಳಿಗೆ ಯಾರು ಏನು ಹೇಳಿದ್ದಾರೋ. ನಾನು ನನ್ನ ಹೆಸರು ಹೇಳಿ ಶುರುಮಾಡುತ್ತೇನೆ.