ಸುರುಳಿಗೆ ಹೊರಟ ಬೊಮ್ಮಯ್ಯ ಗೌಡರು
ಪೆರಿಯಾರಿಗೆ ಅಣೆ ಕಟ್ಟುತ್ತಿದ್ದ ಆ ವರ್ಷಗಳಲ್ಲಿ ಉತ್ತಮಪಾಳಯದ ಬೊಮ್ಮಯ್ಯ ಗೌಡರಷ್ಟು ಸಲ ಸುರುಳಿ ಜಲಪಾತಕ್ಕೆ ಹೊರಟವರು ಇಲ್ಲ, ಅವರಷ್ಟು ಸಲ ಹೋಗದೆ ಉಳಿದವರೂ ಇಲ್ಲ. ಅಣೆಯ ಕೆಲಸಕ್ಕೆ ಬಂಡೆ ಸಿಡಿಸಿ ಬಂದ ಕೂಲಿಯೊಬ್ಬ, ಎಲ್ಲೋ ಬೆಟ್ಟಗಳು ಬೆಂಕಿ ಕಾರುತ್ತವಂತೆ ಎಂದದ್ದೇ ಸಾಕಾಯಿತು. ಸುರುಳಿಯ ಕರಿಬಂಡೆಯೂ ಅಂಥದೇ ಎಂದು ಗೌಡರು ತೀರ್ಮಾನಿಸಿಬಿಟ್ಟರು. "ರಾಗಿಗಂಜಿ ಉಕ್ಕಿ ಒಲೆ ಮೇಲೆ ಒಣಗಲ್ವಾ, ಅಂಗೇ ಬೆಟ್ಟ ಉಕ್ಕಿ ನಿಂತದೆ. ಅಲ್ಲಿ ಎಲೆ ಬಿದ್ರೂ ಕಲ್ಲಾಯ್ತದೆ," ಎಂದು ಜಗಲಿಯಲ್ಲಿ ಕೂತು ಹೆಂಡತಿಗೆ ಹೇಳುವರು. ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕು, ಹುಳಿಯನ್ನದ ಬುತ್ತಿಯನ್ನು ಯಾವ ಮರದಡಿ ಬಿಚ್ಚಬೇಕು, ಎಡದ ಎತ್ತು ಯಾವ ತಿರುವಿನಲ್ಲಿ ಮುನಿಸಿಕೊಳ್ಳುತ್ತದೆ, ಎಲ್ಲವೂ ಅವರಿಗೆ ಗೊತ್ತು. ಆದರೆ ಎತ್ತು ಕಟ್ಟುವ ಹೊತ್ತಿಗೆ ಹಲ್ಲಿ ಲೊಚಗುಟ್ಟಿತೋ, "ಸಕುನ ಸರಿಯಿಲ್ಲಪ್ಪಾ, ಬರೋ ವಾರ ಪಾಕ್ಕಲಾಂ, ನೋಡಾಣ," ಎಂದು ಇಳಿದುಬಿಡುವರು. ಜೊತೆಗೆ ಹೊರಟಿದ್ದ ನೆರೆಯವರು ಹುಳಿಯನ್ನವನ್ನು ಅಂಗಳದಲ್ಲೇ ಉಂಡು ಕೈತೊಳೆಯುವರು. ಒಂದು ಶುಕ್ರವಾರ ಹಲ್ಲಿ ಉಸಿರೆತ್ತಲಿಲ್ಲ. ಎಲ್ಲರೂ ಗಾಡಿ ಹತ್ತಿ ಕೂತರು. ಗೌಡರು ಗೋಡೆ ನೋಡಿದರು, ಸೂರು ನೋಡಿದರು, ಕೊನೆಗೆ ಮುಖ ತಿರುಗಿಸಿ ತಾವೇ ನಾಲಿಗೆಯಿಂದ ಲೊಚಲೊಚ ಎಂದರು. ಬುತ್ತಿ ಏರಿಸಲು ಗಾಡಿಯ ಹಿಂದೆ ನಿಂತಿದ್ದ ನೆರೆಮನೆಯ ನಾನು ಕಣ್ಣಾರೆ ಕಂಡೆ. ಹೆಂಡತಿ ನಾಗಮ್ಮಾಳ್‌ಗೆ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಯಾವ ಹಲ್ಲಿ ಯಾವ ಮೂಲೆಯಲ್ಲಿದೆ ಎಂದು ಸದ್ದಿನಲ್ಲೇ ಹೇಳಬಲ್ಲವಳು. ಹೊಸಿಲಲ್ಲಿ ಕೂತಿದ್ದವಳು ಗಂಡನ ಸದ್ದಿನ ಕಡೆ ತಿರುಗಿ ನಕ್ಕಳು. "ಪಲ್ಲಿ ಒಳ್ಳೇದೇ ಹೇಳ್ತು. ಇವರೆಲ್ಲ ನೋಡ್ಬಂದು, ಬರೀ ಕಲ್ಲು ಕಣಮ್ಮ ಅಂದ್ರೆ ನಾ ಏನ್ ಮಾಡ್ಲಿ? ನಂಗೆ ನಿಮ್ಮ ಬೆಟ್ಟವೇ ಸಾಕು. ಬನ್ನಿ, ಬೆಟ್ಟ ಉಕ್ಕಿತಲ್ಲ, ಅಲ್ಲಿಂದ ಹೇಳಿ."